ಡಿಜಿಟಲ್ ಅಕಾರ್ಡಿಯನ್: ತಿದಿ ಇರುವ ಸಿಂಥಸೈಜರ್

ಹೊರಗಿನಿಂದ ನೋಡಿದರೆ ಮಾಮೂಲಿ ಅಕಾರ್ಡಿಯನ್ನೇ. ಬಲಗೈಗೆ ಪಿಯಾನೊ ಮನೆಗಳು (ಕೀಗಳು) ಇಲ್ಲವೇ ಗುಂಡಿಗಳು, ಎಡಗೈಗೆ ಬೇಸ್ ಗುಂಡಿಗಳು, ನಡುವೆ ತಿದಿ. ಒಳಗೆ ಮಾತ್ರ ರೀಡುಗಳಿಲ್ಲ, ಅಂದರೆ ಗಾಳಿಗೆ ಕಂಪಿಸಿ ಸ್ವರ ಹೊರಡಿಸುವ ಲೋಹದ ನಾಲಿಗೆಗಳಿಲ್ಲ. ಮನೆಯಡಿಯ ಸೆನ್ಸರ್ ಯಾವ ಸ್ವರ ಎಂದು ಹೇಳುತ್ತದೆ, ತಿದಿಯೊಳಗಿನ ಒತ್ತಡದ ಸೆನ್ಸರ್ ಎಷ್ಟು ಜೋರು ಎಂದು ಹೇಳುತ್ತದೆ, ಧ್ವನಿ ಹುಟ್ಟುವುದು ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿ.

ಸಿರಿಲ್ ಡೆಮಿಯನ್ ವಿಯೆನ್ನಾದಲ್ಲಿ ಅಕಾರ್ಡಿಯನ್ನಿಗೆ ಪೇಟೆಂಟ್ ಪಡೆದದ್ದು 1829ರಲ್ಲಿ. 1960ರ ದಶಕದಲ್ಲಿ ಕಾರ್ಡೊವಾಕ್ಸ್‌ನಂಥ ಎಲೆಕ್ಟ್ರಾನಿಕ್ ಮಾದರಿಗಳು ಬಂದವು. 1983ರಲ್ಲಿ ಮಿಡಿ (ಎಲೆಕ್ಟ್ರಾನಿಕ್ ವಾದ್ಯಗಳು ಪರಸ್ಪರ ಸಂದೇಶ ಕಳಿಸುವ ಸಾಮಾನ್ಯ ಭಾಷೆ) ಬಂದ ಮೇಲೆ ರೀಡಿನ ವಾದ್ಯಗಳಿಗೇ ಸೆನ್ಸರ್ ಕೂರಿಸುವ ರೂಢಿ ಬೆಳೆಯಿತು. ರೀಡನ್ನು ಪೂರ್ತಿ ಕೈಬಿಟ್ಟ ರೋಲ್ಯಾಂಡ್ ವಿ-ಅಕಾರ್ಡಿಯನ್ 2004ರದ್ದು.

ಬೆಂಗಳೂರಿನ ಆರ್ಕೆಸ್ಟ್ರಾ ಬಳಗದಲ್ಲಿ ಇಂಥ ವಾದ್ಯ ಕಂಡರೆ ಮೊದಲು ಬರುವ ಪ್ರಶ್ನೆ "ಎಷ್ಟು ಟೋನ್ ಇದೆ?" ಎಂಬುದು, ಅಂದರೆ ಎಷ್ಟು ಬಗೆಯ ವಾದ್ಯಧ್ವನಿ ಇದೆ ಎಂದು. ಟೋನಿಗಾಗಿಯೇ ಆದರೆ ಇದರ ಬೆಲೆಯ ಒಂದು ಪಾಲಿಗೆ ಒಳ್ಳೆಯ ಕೀಬೋರ್ಡ್ ಸಿಗುತ್ತದೆ. ಕೀಬೋರ್ಡಿನಲ್ಲಿ ಸಿಗದ್ದು ತಿದಿ. ಮನೆ ಒತ್ತಿ ಹಿಡಿದಾಗಲೂ ಸ್ವರವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು, ನಡುಗಿಸಬಹುದು. ಆ ಉಸಿರನ್ನು ಯಾವ ಧ್ವನಿಗೆ ಬೇಕಾದರೂ ಕೊಡಬಹುದು ಎನ್ನುವುದೇ ಈ ವಾದ್ಯದ ಸೃಜನಶೀಲ ಬಂಡವಾಳ.

ಹಾಗಾಗಿ ವಯಲಿನ್, ಕೊಳಲು, ಆರ್ಗನ್, ಕೋರಸ್‌ನಂಥ ಎಳೆದಷ್ಟೂ ನಿಲ್ಲುವ ಧ್ವನಿಗಳು ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. ಪಿಯಾನೊ, ವೀಣೆಯಂಥ ಮೀಟಿದೊಡನೆ ಇಳಿಯುವ ಧ್ವನಿಗಳಲ್ಲಿ ತಿದಿಗೆ ಹೆಚ್ಚು ಕೆಲಸವಿಲ್ಲ. ಆದರೂ ಮಂದವಾಗಿ ಶುರುವಾಗಿ ಆಮೇಲೆ ಉಬ್ಬುವ ಪಿಯಾನೊ ಸ್ವರ ನಿಜವಾದ ಪಿಯಾನೊದಲ್ಲಿ ಹುಟ್ಟುವುದಿಲ್ಲ. ಹಿನ್ನೆಲೆ ಸಂಗೀತ ಮಾಡುವವರಿಗೆ ಅದು ಉಪಯೋಗಕ್ಕೆ ಬಂದೀತು.

ಹಳೆಯ ಸಿನಿಮಾ ಹಾಡುಗಳಲ್ಲಿ ಕೇಳುವ ಅಲೆಅಲೆಯಾದ ಅಕಾರ್ಡಿಯನ್ ನಾದವನ್ನು ತೆಗೆದುಕೊಳ್ಳಿ. ಒಂದೇ ಸ್ವರದ ಎರಡು ರೀಡುಗಳಲ್ಲಿ ಒಂದು 440 ಹರ್ಟ್ಸ್, ಇನ್ನೊಂದು 443 ಇದ್ದರೆ ಸೆಕೆಂಡಿಗೆ 3 ಅಲೆ ಕೇಳಿಸುತ್ತವೆ. ಈ ಅಂತರ ಬದಲಿಸಬೇಕೆಂದರೆ ರೀಡಿನ ವಾದ್ಯದಲ್ಲಿ ಅರ ಹಿಡಿದು ಕೂರಬೇಕು: 41 ಮನೆಯ ಪೆಟ್ಟಿಗೆಯಲ್ಲಿ, ಎಳೆಯುವಾಗ ಒಂದು ನೂಕುವಾಗ ಒಂದು ಎಂದು, ಒಂದೊಂದು ಸಾಲಿಗೂ 82 ರೀಡು. ಡಿಜಿಟಲ್‌ನಲ್ಲಿ ಅದು ಮೆನುವಿನ ಒಂದು ಸಾಲು. ಹಾಡಿನ ಪಲ್ಲವಿಗೆ ಒಂದು ಅಲೆ, ಚರಣಕ್ಕೆ ಇನ್ನೊಂದು ಎಂದು ಮೊದಲೇ ಉಳಿಸಿಟ್ಟುಕೊಳ್ಳಬಹುದು.

ಎಡಗೈಯ ಗುಂಡಿಗಳು ನಮ್ಮ ಸಂಗೀತಕ್ಕೆ ಅನಿರೀಕ್ಷಿತವಾಗಿ ಅನುಕೂಲ. 120 ಬೇಸಿನ ವಾದ್ಯದಲ್ಲಿ 6 ಉದ್ದ ಸಾಲು, ಸಾಲಿಗೆ 20 ಗುಂಡಿ. ಮೂಲ ಬೇಸ್ ಸಾಲಿನಲ್ಲಿ ಯಾವ ಗುಂಡಿಯನ್ನು ಷಡ್ಜ ಮಾಡಿಕೊಂಡರೂ ಮೇಲಿನ ಪಕ್ಕದ್ದು ಪಂಚಮ, ಕೆಳಗಿನದ್ದು ಮಧ್ಯಮ. ತಗ್ಗು ಇರುವ ಗುಂಡಿ ಬಿಳಿ ಒಂದು (C). ಅದನ್ನೂ ಅದರ ಮೇಲಿನದ್ದನ್ನೂ ಒತ್ತಿದರೆ ಸಾ-ಪಾ ಶ್ರುತಿ ಸಿದ್ಧ. ಗಾಯಕಿಯ ಶ್ರುತಿ ಬಿಳಿ ಐದು (G) ಆದರೆ ಕೈ ಒಂದು ಗುಂಡಿ ಮೇಲೆ ಸರಿದರೆ ಸಾಕು, ಬೆರಳಿನ ಆಕಾರ ಅದೇ.

ತೊಡಕು ಬರುವುದು ತಿದಿಯ ದಿಕ್ಕು ತಿರುಗುವಾಗ. ಎಳೆಯುವುದರಿಂದ ನೂಕುವುದಕ್ಕೆ ಹೊರಳುವ ಕ್ಷಣ ಒತ್ತಡ ಸೊನ್ನೆ ದಾಟುತ್ತದೆ, ಶ್ರುತಿ ಕಡಿದು ಹೋಗುತ್ತದೆ. ಎಡಗೈ ಭಾಗಕ್ಕೆ ತಿದಿಯ ಪ್ರಭಾವವನ್ನು ನಿಲ್ಲಿಸಿ ಮಟ್ಟವನ್ನು ಸ್ಥಿರ ಮಾಡುವ ಸೌಲಭ್ಯವಿದ್ದರೆ ಬಳಸಿ. ಆಗ ಬಲಗೈಯ ರಾಗ ಉಸಿರಾಡುತ್ತದೆ, ಶ್ರುತಿ ಕದಲುವುದಿಲ್ಲ. ರೀಡಿನ ವಾದ್ಯದಲ್ಲಿ ಇದು ಸಾಧ್ಯವೇ ಇಲ್ಲ. ಎರಡೂ ಕೈಗೆ ಗಾಳಿ ಒಂದೇ. ಸ್ವರಗಳನ್ನು ಒಂದೊಂದಾಗಿ ತಿದ್ದಿಕೊಳ್ಳಲು ಬಿಡುವ ಮಾದರಿಗಳಲ್ಲಿ ಅಂತರ ಗಾಂಧಾರವನ್ನು 14 ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಇಳಿಸಿ, ತಂಬೂರಿಯೊಂದಿಗೆ ಅದು ಕೂಡುತ್ತದೆ.

ಗಮಕದ ವಿಷಯಕ್ಕೆ ಬಂದರೆ ನಿರೀಕ್ಷೆ ಕಡಿಮೆ ಇಟ್ಟುಕೊಳ್ಳುವುದು ಒಳ್ಳೆಯದು. ಸ್ವರವನ್ನು ಮೇಲೆ ಕೆಳಗೆ ಬಾಗಿಸುವ ಪಿಚ್ ಬೆಂಡನ್ನು ತಿದಿಗೆ ಕೊಟ್ಟರೆ ಜಾರು ಬರುತ್ತದೆ, ಆದರೆ ಆಗ ಧ್ವನಿಯ ಏರಿಳಿತಕ್ಕೆ ಬೇರೆ ಹಿಡಿತ ಬೇಕು. ಭಾವಗೀತೆ, ಸಿನಿಮಾ ಧಾಟಿಗೆ ಸಾಕು. ಮಾಯಾಮಾಳವಗೌಳದ ರಿಷಭಕ್ಕೆ ಬೇಕಾದ ಕಂಪಿತ ಇದರಿಂದ ಬರುವುದಿಲ್ಲ, ಬಂತೆಂದು ಹೇಳುವವರನ್ನು ನಂಬಬೇಡಿ.

ಕಂಪ್ಯೂಟರಿಗೆ ಜೋಡಿಸಿದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಬಲಗೈ, ಬೇಸ್, ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಮೂರಕ್ಕೂ ಬೇರೆ ಬೇರೆ ಮಿಡಿ ಚಾನೆಲ್ ಕೊಡಿ. ತಿದಿಯ ಒತ್ತಡ ಸಾಮಾನ್ಯವಾಗಿ ಕಂಟ್ರೋಲರ್ 11 ಎಂಬ ಮಿಡಿ ಸಂದೇಶವಾಗಿ ಬರುತ್ತದೆ. ಸಾಫ್ಟ್‌ವೇರ್ ಸಿಂಥ್‌ನಲ್ಲಿ ಅದನ್ನು ವಾಲ್ಯೂಮಿನ ಜೊತೆಗೆ ಧ್ವನಿಯ ಹೊಳಪನ್ನು ಬದಲಿಸುವ ಫಿಲ್ಟರಿಗೂ ಹೊಂದಿಸಿ. ಮೆಲ್ಲಗೆ ಎಳೆದಾಗ ಮಬ್ಬು, ಬಿಗಿದಾಗ ಹೊಳಪು. ಆದರೆ ಈ ಕಂಟ್ರೋಲರಿಗೆ ಇರುವುದು 0ಯಿಂದ 127ರವರೆಗಿನ ಮೆಟ್ಟಿಲು ಮಾತ್ರ. ತೀರಾ ನಿಧಾನವಾಗಿ ಹಿಗ್ಗಿಸಿದರೆ ಮೆಟ್ಟಿಲುಗಳೇ ಕರಕರ ಸದ್ದಾಗಿ ಕೇಳಿಸಬಹುದು, ಮೆಟ್ಟಿಲುಗಳನ್ನು ನಯಗೊಳಿಸುವ ಸ್ಮೂದಿಂಗ್ ಸ್ವಲ್ಪ ಹೆಚ್ಚಿಸಿ. ಬಫರ್ (ಧ್ವನಿಯನ್ನು ಹೊರಬಿಡುವ ಮುಂಚೆ ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ತುಣುಕು) 128 ಸ್ಯಾಂಪಲ್, 48 ಕಿಲೋಹರ್ಟ್ಸ್ ಇಟ್ಟರೆ ಆ ಹಂತದ ತಡ 2.7 ಮಿಲಿಸೆಕೆಂಡ್, ಬೆರಳಿಗೆ ಗೊತ್ತಾಗದು. ಬ್ಲೂಟೂತ್ ಹೆಡ್‌ಫೋನ್ ಬೇಡ, ತಾಳವೇ ತಪ್ಪುತ್ತದೆ. ನುಡಿಸುವಾಗ ಕೇಬಲ್ ಕಿತ್ತುಬಂದರೆ ಸ್ವರ ನಿಲ್ಲಿಸುವ ಸಂದೇಶ ತಲುಪದೆ ಸ್ವರ ಹಾಗೇ ಕೂಗುತ್ತಿರುತ್ತದೆ. ಎಲ್ಲ ಸ್ವರವನ್ನೂ ಒಮ್ಮೆಗೇ ನಿಲ್ಲಿಸುವ ಸಾಫ್ಟ್‌ವೇರಿನ ಪ್ಯಾನಿಕ್ ಗುಂಡಿ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಗಣೇಶೋತ್ಸವದ ಪೆಂಡಾಲಿನಲ್ಲಿ ಇದರ ಲಾಭ ನೇರ. ರೀಡಿನ ಪೆಟ್ಟಿಗೆಗೆ ಎರಡೂ ಬದಿ ಮೈಕ್ ಬೇಕು, ವಾದಕರ ಕಡೆಗಿರುವ ಮಾನಿಟರ್ ಸ್ಪೀಕರ್ ಏರಿಸಿದೊಡನೆ ಸೀಟಿ ಹೊಡೆಯುತ್ತದೆ. ಇದು ಲೈನ್ ಔಟ್‌ನಿಂದ ಮಿಕ್ಸರಿಗೆ ಹೋಗುತ್ತದೆ. ಗುಂಯ್ ಸದ್ದು ಬಂದರೆ ವಾದ್ಯಕ್ಕೂ ಮಿಕ್ಸರಿಗೂ ನಡುವೆ ಡಿಐ ಬಾಕ್ಸ್ ಹಾಕಿ, ಅದರಲ್ಲಿರುವ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಪ್ಲಗ್ಗಿನ ಅರ್ಥಿಂಗ್ ಪಿನ್ ಕಿತ್ತು ಹಾಕುವ ಉಪಾಯ ಮಾಡಬೇಡಿ, ಮಳೆಗಾಲದ ಒದ್ದೆ ವೇದಿಕೆಯ ಮೇಲೆ ಅದು ಪ್ರಾಣಕ್ಕೇ ಕುತ್ತು.

ಹಗುರ ಎಂದುಕೊಂಡು ಕೊಳ್ಳುವವರೂ ಇದ್ದಾರೆ. ಚಿಕ್ಕ ಮಾದರಿಗಳು ಹೌದು. ಪೂರ್ಣ ಗಾತ್ರದ್ದು ರೀಡಿನ ವಾದ್ಯದಷ್ಟೇ ಹೆಗಲು ಜಗ್ಗುತ್ತದೆ. ಕೊಳ್ಳುವ ಮುಂಚೆ ಒಂದು ಮನೆ ಒತ್ತಿ ತಿದಿಯನ್ನು ಆದಷ್ಟು ನಿಧಾನ ಎಳೆಯಿರಿ, ಹಾಗೆಯೇ ನೂಕಿ. ಎರಡೂ ದಿಕ್ಕಿನಲ್ಲಿ ಧ್ವನಿ ಪಿಸುಗುಟ್ಟಿದಂತೆ ಶುರುವಾಗಬೇಕು. ದಿಢೀರನೆ ಎದ್ದರೆ ಸೆನ್ಸರಿನ ಹೊಂದಿಕೆ ಕೆಟ್ಟಿರಬಹುದು. ರೀಡುಗಳಿಲ್ಲದ ಕಾರಣ ಗಾಳಿ ಹೊರಹೋಗಲು ಕಿಂಡಿ ಇಟ್ಟಿರುತ್ತಾರೆ, ಕೆಲವು ಮಾದರಿಗಳಲ್ಲಿ ಅದರ ಬಿಗಿಯನ್ನು ತಿರುಪಿನಿಂದ ಬದಲಿಸಬಹುದು. ಸಡಿಲ ಹೆಚ್ಚಾದರೆ ಹಾಡಿನ ಸಾಲಿನ ನಡುವೆಯೇ ತಿದಿ ಮುಗಿದುಹೋಗುತ್ತದೆ, ಬಿಗಿ ಹೆಚ್ಚಾದರೆ ಎಡಗೈ ಬೇಗ ಸೋಲುತ್ತದೆ. ಒಂದು ಪಲ್ಲವಿ ಪೂರ್ತಿ ನುಡಿಸಿ ನೋಡಿದ ಮೇಲೆ ತಿರುಪನ್ನು ಹೊಂದಿಸಿ.