ಮಳೆ ಬರುತ್ತೆ ಅಂತ ಗೊತ್ತಿದ್ದೂ ಡ್ಯಾಮ್ ಮೊದಲೇ ಯಾಕೆ ಖಾಲಿ ಮಾಡಲ್ಲ?

ಮಳೆಗಾಲದಲ್ಲಿ ಕೃಷ್ಣೆ ಉಕ್ಕಿದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಇದು. ಆಲಮಟ್ಟಿಯಂಥ ದೊಡ್ಡ ಡ್ಯಾಮ್ ಇದೆ, 26 ಗೇಟ್ ಇವೆ, ಮಳೆ ಬರುತ್ತೆ ಅಂತ ಹವಾಮಾನ ಇಲಾಖೆಯವರೂ ಹೇಳಿರುತ್ತಾರೆ. ಮುಂಚೆನೇ ನೀರು ಬಿಟ್ಟು ಜಾಗ ಮಾಡಿಕೊಂಡರೆ ಊರು ಮುಳುಗೋದು ತಪ್ಪುತ್ತೆ ಅಲ್ವಾ?

ಸ್ವಲ್ಪ ತಪ್ಪುತ್ತದೆ. ಪೂರ್ತಿ ತಪ್ಪುವುದಿಲ್ಲ. ಯಾಕೆ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ ಸಾಕು.

ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯುಸೆಕ್ ನೀರು ಇಡೀ ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. ಈ 8.64 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ, ಮಳೆಗಾಲದ ಅರ್ಧ ಸುದ್ದಿ ತಾನಾಗೇ ಅರ್ಥ ಆಗುತ್ತದೆ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ ಹೊರಬಿಟ್ಟ ನೀರೇ 5 ಲಕ್ಷ ಕ್ಯುಸೆಕ್ ದಾಟಿತ್ತು. ಅಂದರೆ ದಿನಕ್ಕೆ 43 ಟಿಎಂಸಿ. ಆಲಮಟ್ಟಿಯಲ್ಲಿ ಹಿಡಿಯೋದು ಒಟ್ಟು 123 ಟಿಎಂಸಿ. ತಳ ಕಾಣುವಂತೆ ಖಾಲಿ ಮಾಡಿಟ್ಟಿದ್ದರೂ ಅಂಥ ಹರಿವಿಗೆ ಮೂರು ದಿನದೊಳಗೆ ತುಂಬಿಬಿಡುತ್ತಿತ್ತು.

ತುಂಬಿದ ಮೇಲೆ ಬಂದಷ್ಟನ್ನೂ ಬಿಡಲೇಬೇಕು. ಬೇರೆ ದಾರಿ ಇಲ್ಲ.

ಹಾಗಂತ ಜಾಗ ಮಾಡಿಟ್ಟುಕೊಳ್ಳೋದು ದಂಡ ಅಂತ ನಾನು ಹೇಳುತ್ತಿಲ್ಲ. ಡ್ಯಾಮಿನಲ್ಲಿ 25 ಟಿಎಂಸಿ ಖಾಲಿ ಇದೆ ಅಂದುಕೊಳ್ಳಿ. ಒಳಹರಿವು 5 ಲಕ್ಷ, ಹೊರಹರಿವು 4 ಲಕ್ಷ ಇಟ್ಟರೆ ಉಳಿದ ಒಂದು ಲಕ್ಷವನ್ನು ಹೆಚ್ಚೂ ಕಡಿಮೆ ಮೂರು ದಿನ ಒಳಗೆ ಹಿಡಿದಿಡಬಹುದು. ಕೆಳಗಿನವರಿಗೆ ಆ ಮೂರು ದಿನ ತುಂಬಾ ದೊಡ್ಡದು. ಹೊಳೆ ಒಂದೆರಡು ಅಡಿ ಕಡಿಮೆ ಏರಿದರೆ ಎಷ್ಟೋ ಮಣ್ಣಿನ ಗೋಡೆಗಳು ನಿಲ್ಲುತ್ತವೆ. ಆದರೆ ಆ 25 ಟಿಎಂಸಿ ಜಾಗವನ್ನು ಪ್ರವಾಹ ಅತಿ ಜೋರಾಗುವ ಹೊತ್ತಿನವರೆಗೆ ಕಾಯ್ದಿಟ್ಟುಕೊಳ್ಳಬೇಕು. ಮೊದಲ ದಿನವೇ ತುಂಬಿಸಿಕೊಂಡರೆ, ನಿಜವಾದ ದೊಡ್ಡ ನೀರು ಬರುವ ಹೊತ್ತಿಗೆ ಜಾಗವೇ ಇರಲ್ಲ.

ಮತ್ತೆ ಮೊದಲೇ ಯಾಕೆ ಬಿಡಲ್ಲ? ಮಳೆ ಕೈ ಕೊಟ್ಟರೆ ಅನ್ನೋ ಭಯ. ಇದು ಸುಮ್ನೆ ನೆಪ ಅಲ್ಲ. ಈ ನೀರನ್ನು ನಂಬಿ ವಿಜಯಪುರ, ಬಾಗಲಕೋಟೆ, ಯಾದಗಿರಿ, ಕಲಬುರಗಿ, ರಾಯಚೂರು ಕಡೆ 6 ಲಕ್ಷ ಹೆಕ್ಟೇರ್‌ಗೂ ಜಾಸ್ತಿ ನೀರಾವರಿ ಜಮೀನಿದೆ. 2019ನ್ನೇ ನೋಡಿ. ಆ ಬೇಸಿಗೆಯಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕೃಷ್ಣೆ ಒಣಗಿ ಕುಡಿಯೋಕೂ ನೀರಿರಲಿಲ್ಲ, ಅಲ್ಲಿನ ಕೊಯ್ನಾ ಡ್ಯಾಮಿನಿಂದ ನೀರು ಬಿಡಿ ಅಂತ ಮಹಾರಾಷ್ಟ್ರವನ್ನು ನಾವೇ ಕೇಳಿಕೊಂಡಿದ್ದೆವು. ಮೂರು ತಿಂಗಳೂ ಕಳೆದಿರಲಿಲ್ಲ, ಅದೇ ಜಿಲ್ಲೆಗಳ ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಜುಲೈನಲ್ಲಿ ಗೇಟಿನ ಹತ್ತಿರ ನಿಂತ ಎಂಜಿನಿಯರ್ ಕಣ್ಣ ಮುಂದೆ ಈ ಎರಡೂ ಇರುತ್ತವೆ.

ಇನ್ನು ಮುನ್ಸೂಚನೆ. ಘಟ್ಟದ ಮೇಲೆ ಭಾರಿ ಮಳೆ ಅಂತ ಹೇಳಬಹುದು, ಯಾವ ಕಣಿವೆಯಲ್ಲಿ ಎಷ್ಟು ಅಂತ ನಾಲ್ಕು ದಿನ ಮೊದಲೇ ಹೇಳೋದು ಕಷ್ಟ. 2021ರ ಜುಲೈನಲ್ಲಿ ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ಒಂದೇ ದಿನ 590 ಮಿ.ಮೀ.ಗೂ ಜಾಸ್ತಿ ಮಳೆ ಸುರಿಯಿತು. ವಿಜಯಪುರದಲ್ಲಿ ಹೆಚ್ಚೂ ಕಡಿಮೆ ವರ್ಷವಿಡೀ ಬೀಳುವಷ್ಟು ಮಳೆ ಅದು! ಹೊಳೆಯ ಮೇಲ್ಭಾಗದ ಡ್ಯಾಮುಗಳ ಎಲ್ಲ ಗೇಟುಗಳೂ ಮನುಷ್ಯರ ಮಾತು ಕೇಳುತ್ತವೆ ಅಂತಲೂ ಅಲ್ಲ. ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ಡ್ಯಾಮಿನ ಗೇಟುಗಳು ನೀರಿನ ಮಟ್ಟ ಏರಿದ ಕೂಡಲೇ ತಾವಾಗೇ ತೆರೆದುಕೊಳ್ಳುತ್ತವೆ. ಆ ನೀರು ಭೋಗಾವತಿ, ಪಂಚಗಂಗೆಯಾಗಿ ನರಸೋಬವಾಡಿಯಲ್ಲಿ ಕೃಷ್ಣೆಗೆ ಸೇರಿ ನಮ್ಮ ಕಡೆ ಇಳಿಯುತ್ತದೆ.

ಬಹಳ ಜನ ಮರೆಯೋ ಮಾತು ಇನ್ನೊಂದಿದೆ. ಚಿಕ್ಕೋಡಿ, ಅಥಣಿ ಕಡೆಯ ಊರುಗಳು ಆಲಮಟ್ಟಿಗಿಂತ ತುಂಬಾ ಮೇಲಿವೆ. ಅಲ್ಲಿ ಮನೆ ಮುಳುಗಿದಾಗ "ಆಲಮಟ್ಟಿ ಖಾಲಿ ಮಾಡಿ" ಅಂತ ಕೂಗಿದರೆ ಹೆಚ್ಚು ಪ್ರಯೋಜನ ಇಲ್ಲ, ಯಾಕೆಂದರೆ ನೀರು ಡ್ಯಾಮ್ ಮುಟ್ಟುವ ಮೊದಲೇ ಅವರ ಹೊಸ್ತಿಲು ದಾಟಿರುತ್ತದೆ. ಇನ್ನೂ ಮೇಲಿರುವ ಮಹಾರಾಷ್ಟ್ರದ ಸಾಂಗ್ಲಿ ಮುಳುಗೋದು ಆಲಮಟ್ಟಿಯ ಹಿನ್ನೀರಿನಿಂದಲೇ ಅನ್ನೋ ಜಗಳವೂ ನಡೆಯುತ್ತಲೇ ಇದೆ. 2019ರ ಪ್ರವಾಹದ ಬಗ್ಗೆ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ, ಸಾಂಗ್ಲಿ, ಕೊಲ್ಹಾಪುರ ಮುಳುಗಿದ್ದಕ್ಕೆ ಆಲಮಟ್ಟಿ ಕಾರಣ ಅಲ್ಲ ಅಂತ ವರದಿ ಕೊಟ್ಟಿತು. ಡ್ಯಾಮಿನ ನೀರಿನ ಮಟ್ಟವನ್ನು (ಸಮುದ್ರ ಮಟ್ಟದಿಂದ ಅಳೆದದ್ದು) 519.60 ಮೀಟರ್‌ನಿಂದ 524.256ಕ್ಕೆ ಏರಿಸುವ ಮಾತು ಬಂದಾಗ ಅಲ್ಲಿನವರು ಗಾಬರಿಯಾಗೋದು ನನಗೆ ಅರ್ಥ ಆಗುತ್ತದೆ. ಎರಡು ಸಲ ಮನೆ ಕಳೆದುಕೊಂಡವರಿಗೆ ವರದಿ ತೋರಿಸಿದರೆ ಸಮಾಧಾನ ಆಗಲ್ಲ.

ಡ್ಯಾಮಿನ ಕೆಳಗಿನವರ ಕಷ್ಟವೇ ಬೇರೆ. ಮುಂಚೆನೇ ಬಿಡೋ ನೀರು ಕೂಡ ಎಲ್ಲೋ ಹರಿಯಲೇಬೇಕು ಅಲ್ವಾ? ಐದು ದಿನದಲ್ಲಿ 40 ಟಿಎಂಸಿ ಖಾಲಿ ಮಾಡಬೇಕೆಂದರೆ, ಬರುವ ನೀರಿನ ಜೊತೆಗೆ ದಿನವೂ 90 ಸಾವಿರ ಕ್ಯುಸೆಕ್‌ಗೂ ಜಾಸ್ತಿ ಬಿಡಬೇಕು. ಆಲಮಟ್ಟಿಯ ಕೆಳಗಿರುವ ನಾರಾಯಣಪುರ ಡ್ಯಾಮಿನಿಂದ ಹೊರಹರಿವು ಜಾಸ್ತಿಯಾದರೆ ಲಿಂಗಸೂಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ನಡುಗಡ್ಡೆಯ ಜನಕ್ಕೆ ಆಸ್ಪತ್ರೆಯ ದಾರಿ ಬಂದ್ ಆಗುತ್ತದೆ. ಮಳೆ ಬಾರದೆ ಹೋದರೂ ಅವರ ಮಟ್ಟಿಗೆ ಪ್ರವಾಹ ಬಂದಂತೆಯೇ.

ಹಾಗಾಗಿ ಗೇಟಿನ ಜೊತೆಗೆ ಗಂಟೆಗಳ ಬಗ್ಗೆಯೂ ಕೇಳಿ ಅಂತ ನಾನು ಹೇಳುತ್ತೇನೆ. ಮಹಾರಾಷ್ಟ್ರದಲ್ಲಿ ನೀರು ಬಿಟ್ಟ ಸುದ್ದಿ ನಮ್ಮ ಹಳ್ಳಿಗೆ ಎಷ್ಟು ಗಂಟೆಗೆ ತಲುಪಿತು? ಡಂಗುರ ಯಾವಾಗ ಹೊಡೆದರು? ಕತ್ತಲಾದ ಮೇಲೋ, ಬೆಳಕಿರುವಾಗಲೋ? ಸುದ್ದಿ ತಲುಪಿದರೂ ದಂಡೆಯ ಊರುಗಳಲ್ಲಿ ಜನ ತಕ್ಷಣ ಹೊರಡೋದಿಲ್ಲ. ಹಟ್ಟಿಯಲ್ಲಿ ಎಮ್ಮೆ ಕಟ್ಟಿರುತ್ತವೆ. ಕಾಳಜಿ ಕೇಂದ್ರ ಅಂದರೆ ಬಹಳ ಕಡೆ ಶಾಲೆಯ ಕೋಣೆ, ಅಲ್ಲಿ ಮನುಷ್ಯರಿಗೆ ಚಾಪೆ, ಅನ್ನ ಸಿಗುತ್ತದೆ. ಎಮ್ಮೆ ಎಲ್ಲಿ ಕಟ್ಟೋದು, ಮೇವು ಯಾರು ಕೊಡ್ತಾರೆ ಅಂತ ಗೊತ್ತಾಗುವವರೆಗೆ ಮನೆಯಲ್ಲಿ ಒಬ್ಬರಾದರೂ ಉಳಿದುಬಿಡುತ್ತಾರೆ. ಜೂನ್‌ನಲ್ಲೇ ಆ ಜಾಗ ಗುರುತು ಮಾಡಿ, ಮೇವು ತಂದು ಒಟ್ಟಿ, ಊರಿನವರಿಗೆ ತೋರಿಸಿಬಿಟ್ಟರೆ, ಡಂಗುರ ಹೊಡೆದ ದಿನ ಅವರೂ ಎಮ್ಮೆಯ ಹಗ್ಗ ಹಿಡಿದುಕೊಂಡು ಹೊರಡುತ್ತಾರೆ.