ಎರಡೂವರೆ ವರ್ಷವಾದರೂ ಮಾತಿಲ್ಲ, ಇನ್ನೂ ಕಾಯಬೇಕೇ?

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಏನಾದರೂ ಬೇಕಿದ್ದರೆ ನಮ್ಮ ಕೈ ಹಿಡಿದು ಎಳೆದೊಯ್ಯುತ್ತಾನೆ. ಮೊದಲು ಹೇಳುತ್ತಿದ್ದ ‘ಅಮ್ಮ’, ‘ತಾತ’ ಕೂಡ ನಿಂತುಹೋಗಿದೆ. ‘ಗಂಡುಮಕ್ಕಳಿಗೆ ಮಾತು ತಡ, ಅವನಪ್ಪನೂ ಹಾಗೇ ಇದ್ದ’ ಎನ್ನುತ್ತಾರೆ ಅತ್ತೆ. ಆಟಿಸಂ ಎಂದು ಖಚಿತವಾಗುವ ಮೊದಲೇ ಥೆರಪಿ ಶುರು ಮಾಡಬಹುದೇ?

ಉತ್ತರ: ಮಾಡಬಹುದು, ಮಾಡಲೇಬೇಕು. ಅತ್ತೆಯವರ ಮಾತಿನಲ್ಲಿ ಪ್ರೀತಿಯಿದೆ, ಕೆಲವು ಮಕ್ಕಳಿಗೆ ಮಾತು ತಡವಾಗುವುದೂ ನಿಜ. ಆದರೆ ಅಂಥ ಮಕ್ಕಳು ಬೆರಳು ತೋರಿಸಿ ಕೇಳುತ್ತಾರೆ, ಕರೆದರೆ ತಿರುಗುತ್ತಾರೆ. ಬಂದ ಮಾತು ನಿಂತುಹೋಗುವುದಂತೂ ಯಾವ ವಯಸ್ಸಿನಲ್ಲೂ ಕಾದು ನೋಡುವ ಲಕ್ಷಣವಲ್ಲ. ಈ ವಾರವೇ ಮಕ್ಕಳ ವೈದ್ಯರನ್ನು ಕಾಣಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಕೇಳಿಸದ ಮಗುವೂ ಕರೆದರೆ ತಿರುಗದು.

ಆಟಿಸಂ ಎಂದರೆ ಮಗುವಿನ ಒಡನಾಟ, ಸಂವಹನ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ. ಅದರ ಖಚಿತವಾದ ರೋಗನಿರ್ಣಯಕ್ಕೆ ತಿಂಗಳುಗಳೇ ಹಿಡಿಯಬಹುದು. ಮೊದಲ ಕೆಲವು ವರ್ಷಗಳಲ್ಲಿ ಮೆದುಳು ಬಲು ವೇಗವಾಗಿ ಕಲಿಯುತ್ತದೆ, ಆ ತಿಂಗಳುಗಳನ್ನು ಕಳೆದುಕೊಳ್ಳಬಾರದು. ಮುಂದೆ ಆಟಿಸಂ ಅಲ್ಲ ಎಂದಾದರೂ ಮಗುವಿನ ಜತೆ ಆಡಿದ, ಮಾತಾಡಿದ ಹೊತ್ತು ನಷ್ಟವಾಗುವುದಿಲ್ಲ.

ಮಾತು ಕಲಿಸುವ ಸ್ಪೀಚ್ ಥೆರಪಿ, ಉಣ್ಣುವುದು, ಆಡುವುದು ಮೊದಲಾದ ದಿನನಿತ್ಯದ ಕೆಲಸ ರೂಢಿಸುವ ಆಕ್ಯುಪೇಷನಲ್ ಥೆರಪಿಗಳಲ್ಲಿ ಯಾವುದು ಎಷ್ಟು ಬೇಕೆಂದು ಮಗುವನ್ನು ನೋಡಿದವರೇ ಹೇಳಬೇಕು. ನಾನು ಒತ್ತಿ ಹೇಳಬೇಕಿರುವುದು ಮನೆಯ ಪಾಲಿನ ಬಗ್ಗೆ. ವಾರಕ್ಕೆ ಎರಡು ಗಂಟೆ ಸೆಂಟರ್‌ನಲ್ಲಿ ಕಳೆಯುವ ಮಗು ಉಳಿದ ಹೊತ್ತೆಲ್ಲ ನಿಮ್ಮ ಜತೆಗಿರುತ್ತದೆ. ಅವನು ಕೈ ಹಿಡಿದು ಕೋಡುಬಳೆ ಡಬ್ಬದ ಹತ್ತಿರ ಎಳೆದೊಯ್ದ ಎನ್ನಿ. ಡಬ್ಬ ಇಳಿಸಿ, ಅವನ ಮುಖದ ಮಟ್ಟಕ್ಕೆ ಕುಳಿತುಕೊಳ್ಳಿ. ‘ಬೇಕಾ?’ ಎಂದು ಕೇಳಿ ಸುಮ್ಮನೆ ಕಾಯಿರಿ. ಒಂದು ನೋಟ, ಒಂದು ಸದ್ದು, ಚಾಚಿದ ಕೈ, ಏನು ಬಂದರೂ ‘ಬೇಕು!’ ಎಂದು ಅವನ ಪರವಾಗಿ ನೀವೇ ಹೇಳಿ ತಕ್ಷಣ ಒಂದು ತುಂಡು ಕೊಡಿ. ಮತ್ತೆ ಕಾಯಿರಿ. ಅಳುವ ತನಕ ಸತಾಯಿಸಬೇಡಿ, ‘ಹೇಳು, ಹೇಳು’ ಎಂದು ಒತ್ತಾಯವೂ ಬೇಡ.

ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ, ಆಟಿಸಂ ಇರುವ ಮಕ್ಕಳ ಕುರಿತ ಒಂದು ಅಧ್ಯಯನ ಇದಕ್ಕೆ ಬಲ ಕೊಡುತ್ತದೆ. ತಜ್ಞರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ತಂದೆತಾಯಿ ಮಗುವಿನೊಂದಿಗೆ ಆಡುವುದನ್ನು ವಿಡಿಯೊ ಮಾಡಿ, ಅದನ್ನೇ ಅವರ ಜತೆ ಕೂತು ನೋಡಿ ಚರ್ಚಿಸಿದರು. ಹೆತ್ತವರು ಮಗುವಿನ ಗಮನಕ್ಕೆ ತಕ್ಕಂತೆ ಸ್ಪಂದಿಸುವುದು ಹೆಚ್ಚಿತು, ಮಕ್ಕಳು ತಾವಾಗಿಯೇ ಮುಂದಾಗಿ ಒಡನಾಡುವುದೂ ಹೆಚ್ಚಿತು.

‘ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಎನ್ನಲು ಆಧಾರವಿಲ್ಲ. ಅಜ್ಜಿ ಜೋಗುಳ ಹಾಡುವ, ನೀವು ಸಲೀಸಾಗಿ ಮುದ್ದು ಮಾಡುವ ಕನ್ನಡವನ್ನು ಅವನಿಂದ ಕಿತ್ತುಕೊಳ್ಳಬೇಡಿ.

ಪೂರ್ತಿ ಗುಣಪಡಿಸುತ್ತೇವೆ ಎನ್ನುವವರಿಂದ ದೂರವಿರಿ. ಆಟಿಸಂಗೆ ಚಿಕಿತ್ಸೆಯಾಗಿ ಸ್ಟೆಮ್ ಸೆಲ್ (ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಬಳಕೆಯನ್ನು ಶಿಫಾರಸು ಮಾಡುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಚಿನ್ನ ಅಡವಿಟ್ಟು ಅದಕ್ಕೆ ಸುರಿಯಬೇಡಿ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡರಲ್ಲೂ ತಪಾಸಣೆಯಿದೆ. ಅಷ್ಟು ದೂರ ಹೋಗಲಾಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಕೇಂದ್ರ) ಎಲ್ಲಿದೆ ಎಂದು ವಿಚಾರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಲ್ಲಿ ಸೇವೆ ಉಚಿತ. ಅವನು ಮನೆಯಲ್ಲಿ ಆಡುವ, ಉಣ್ಣುವ ವಿಡಿಯೊಗಳನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ. ಗುರುತಿಲ್ಲದ ಕೋಣೆಯಲ್ಲಿ ಮಗು ಹೆದರಿ ಮುದುಡಿಕೊಂಡರೆ ವೈದ್ಯರಿಗೆ ಅವನ ನಿಜವಾದ ಸ್ವಭಾವ ಕಾಣುವುದು ಅದರಲ್ಲೇ.