ಇಂಪ್ಯಾಕ್ಟ್ ಫ್ಯಾಕ್ಟರ್ ಯಾರದ್ದು?

ವಿಜ್ಞಾನಿಗಳ ಪರಿಚಯ ಲೇಖನಗಳಲ್ಲಿ ‘ಇವರ ಇಂಪ್ಯಾಕ್ಟ್ ಫ್ಯಾಕ್ಟರ್ 42’ ಎಂಬಂಥ ಸಾಲು ಪದೇ ಪದೇ ಕಾಣುತ್ತಿದೆ. ವ್ಯಕ್ತಿಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಇರುವುದಿಲ್ಲ, ಅದು ಸಂಶೋಧನಾ ಪತ್ರಿಕೆಯ (ಜರ್ನಲ್) ಲೆಕ್ಕ. ಒಂದು ಪತ್ರಿಕೆಯ 2024ರ ಅಂಕ ಬೇಕಾದರೆ, ಅದು 2022 ಮತ್ತು 2023ರಲ್ಲಿ ಪ್ರಕಟಿಸಿದ್ದಕ್ಕೆಲ್ಲ 2024ರಲ್ಲಿ ಬೇರೆ ಲೇಖನಗಳಿಂದ ಸಿಕ್ಕ ಉಲ್ಲೇಖಗಳನ್ನು (ಸೈಟೇಶನ್) ಕೂಡಿ, ಆ ಎರಡು ವರ್ಷಗಳ ಸಂಶೋಧನಾ ಹಾಗೂ ವಿಮರ್ಶಾ ಲೇಖನಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಸಂಪಾದಕೀಯಕ್ಕೆ ಸಿಕ್ಕ ಉಲ್ಲೇಖವೂ ಅಂಶದಲ್ಲಿ ಸೇರುತ್ತದೆ, ಛೇದದಲ್ಲಿ ಮಾತ್ರ ಸಂಪಾದಕೀಯಕ್ಕೆ ಲೆಕ್ಕವಿಲ್ಲ. ಬಂದ ಸರಾಸರಿಯನ್ನು ನಾಲ್ಕೈದು ಜನಪ್ರಿಯ ಲೇಖನಗಳೇ ಎತ್ತಿ ಹಿಡಿದಿರಬಹುದು. ಅದನ್ನು ತಂದು ಒಬ್ಬರ ಹೆಸರಿನ ಮುಂದೆ ಅಂಟಿಸಿದರೆ ಏನೂ ತಿಳಿಯುವುದಿಲ್ಲ.

ಬರೆಯುವವರ ಮನಸ್ಸಿನಲ್ಲಿ ಇರುವುದು ಬಹುಶಃ ಎಚ್-ಇಂಡೆಕ್ಸ್. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಅಳತೆ ಇದು. ಒಬ್ಬರ ಲೇಖನಗಳನ್ನು ಉಲ್ಲೇಖಗಳ ಇಳಿಕೆಯ ಕ್ರಮದಲ್ಲಿ ಜೋಡಿಸಿ: 95, 40, 22, 9, 6, 5, 2. ಎಷ್ಟನೆಯ ಲೇಖನದವರೆಗೆ ಅದರ ಕ್ರಮಾಂಕದಷ್ಟಾದರೂ ಉಲ್ಲೇಖ ಇದೆಯೋ ಅದೇ ಎಚ್. ಐದನೆಯದಕ್ಕೆ 6 ಇದೆ, ಸಾಕು. ಆರನೆಯದಕ್ಕೆ 5 ಮಾತ್ರ, ಸಾಲದು. ಹಾಗಾಗಿ ಎಚ್ 5. ಮೊದಲ ಲೇಖನದ 95 ನಾಳೆ 9,500 ಆದರೂ ಎಚ್ 5ರಲ್ಲೇ ನಿಲ್ಲುತ್ತದೆ. ಸಂಶೋಧನೆ ನಿಲ್ಲಿಸಿ ಮನೆಯಲ್ಲಿ ಕೂತರೂ ಅದು ಇಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಗೊಂದಲ ‘ಇಂಪ್ಯಾಕ್ಟ್’ ಎಂಬ ಮಾತಿನದ್ದು. ಉಲ್ಲೇಖ ಹೆಚ್ಚಾದಷ್ಟೂ ಪ್ರಭಾವ ಹೆಚ್ಚು ಎಂದು ಓದಿಕೊಳ್ಳುತ್ತಾರೆ. ಈ ಓದು ಎಲ್ಲಿ ಎಡವುತ್ತದೆ ಎಂಬುದಕ್ಕೆ ಬ್ಯಾಕ್ಟೀರಿಯಾದ ತಳಿವಿಜ್ಞಾನಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ಪಟ್ಟಿ ಮಾಡುವ ಉಲ್ಲೇಖ ಸೂಚಿ ಹುಟ್ಟುವಾಗ ಬೆನ್ನಿಗೆ ನಿಂತವರಲ್ಲಿ ಒಬ್ಬರು ಇದೇ ಕ್ಷೇತ್ರದವರು, ಜೋಶುವಾ ಲೆಡರ್‌ಬರ್ಗ್. ಬ್ಯಾಕ್ಟೀರಿಯಾಗಳೂ ಜೀನ್ ಬೆರೆಸಿಕೊಳ್ಳುತ್ತವೆ ಎಂದು 1946ರಲ್ಲಿ ಎಡ್ವರ್ಡ್ ಟೇಟಮ್ ಜೊತೆ ತೋರಿಸಿ, 1958ರಲ್ಲಿ ನೊಬೆಲ್ ಹಂಚಿಕೊಂಡವರು. ಯೂಜಿನ್ ಗಾರ್ಫೀಲ್ಡ್ 1955ರಲ್ಲಿ ಮುಂದಿಟ್ಟ ಸೂಚಿಯ ಕಲ್ಪನೆ ಏನಾಯಿತು ಎಂದು 1959ರಲ್ಲಿ ಪತ್ರ ಬರೆದು ಕೇಳಿದವರು ಇವರೇ. ಗಾರ್ಫೀಲ್ಡ್ ಮಾದರಿಯಾಗಿ ಇಟ್ಟುಕೊಂಡಿದ್ದು ಅಮೆರಿಕದ ವಕೀಲರು 1873ರಿಂದ ಬಳಸುತ್ತಿದ್ದ ಶೆಪರ್ಡ್ಸ್ ಸೈಟೇಶನ್ಸ್: ಹಳೆಯ ತೀರ್ಪೊಂದನ್ನು ಮುಂದಿನ ಯಾವ ತೀರ್ಪುಗಳು ಎತ್ತಿಹಿಡಿದವು, ಯಾವುವು ತಳ್ಳಿಹಾಕಿದವು ಎಂದು ಹುಡುಕುವ ಪುಸ್ತಕ. ಅಂದರೆ ಮೂಲ ಉದ್ದೇಶ ಹುಡುಕಾಟ. ಅಂಕ ಕೊಡುವ ಚಾಳಿ ಆಮೇಲೆ ಬಂದದ್ದು.

ಜೋಶುವಾ ಮತ್ತು ಅವರ ಆಗಿನ ಪತ್ನಿ ಎಸ್ತರ್ ಲೆಡರ್‌ಬರ್ಗ್ 1952ರಲ್ಲಿ ಪ್ರಕಟಿಸಿದ ರೆಪ್ಲಿಕಾ ಪ್ಲೇಟಿಂಗ್ ನೋಡಿ, ಒಂದು ತಟ್ಟೆಯ ಬ್ಯಾಕ್ಟೀರಿಯಾಗಳ ನಕಲನ್ನು ಇನ್ನೊಂದಕ್ಕೆ ಅಚ್ಚೊತ್ತುವ ತಂತ್ರ. ಕಾಲೊನಿಗಳು (ಒಂದೊಂದು ಕೋಶದಿಂದ ಬೆಳೆದ ಗುಂಪುಗಳು) ಎದ್ದಿರುವ ಮೂಲ ತಟ್ಟೆಯನ್ನು ಕ್ರಿಮಿಶುದ್ಧ ಮಾಡಿದ ಮಕಮಲ್ಲು ಬಟ್ಟೆಗೆ ಒತ್ತಬೇಕು. ಅದೇ ಬಟ್ಟೆಗೆ ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯಾಟಿಕ್ ಬೆರೆಸಿದ ಹೊಸ ತಟ್ಟೆಗಳನ್ನು ಒಂದೊಂದಾಗಿ, ದಿಕ್ಕು ತಪ್ಪದಂತೆ ಗುರುತು ಹಾಕಿ ಒತ್ತಬೇಕು. ಎಲ್ಲ ತಟ್ಟೆಗಳಲ್ಲೂ ಒಂದೇ ಜಾಗದಲ್ಲಿ ಕಾಲೊನಿ ಎದ್ದರೆ, ನಿರೋಧಕ ಕೋಶ ಔಷಧ ತಾಗುವ ಮೊದಲೇ ಅಲ್ಲಿತ್ತು ಎಂದರ್ಥ. ಒತ್ತುವಾಗ ಬಟ್ಟೆ ಒದ್ದೆಯಾಗಿದ್ದರೆ ಕಾಲೊನಿಗಳು ಹರಡಿ ನಕ್ಷೆಯೇ ಕಲಸಿಹೋಗುತ್ತದೆ. ಈ ತಂತ್ರ ಪಠ್ಯಪುಸ್ತಕ ಸೇರಿ ಎಷ್ಟು ರೂಢಿಯಾಯಿತೆಂದರೆ, ಬಳಸುವವರು ಮೂಲ ಲೇಖನವನ್ನು ಉಲ್ಲೇಖಿಸುವ ಗೋಜಿಗೇ ಹೋಗುವುದಿಲ್ಲ. ‘ಪ್ಲಾಸ್ಮಿಡ್’ (ಕ್ರೋಮೋಸೋಮಿನ ಹೊರಗಿರುವ ಡಿಎನ್‌ಎ ತುಣುಕು) ಪದವನ್ನು ಜೋಶುವಾ ಟಂಕಿಸಿದ್ದೂ 1952ರಲ್ಲೇ, ಅದನ್ನು ಬಳಸುವವರಲ್ಲಿ ಯಾರು ಆ ಲೇಖನದ ಹೆಸರೆತ್ತುತ್ತಾರೆ?

ಇನ್ನೊಂದು ತುದಿಯಲ್ಲಿ, 2000ದಲ್ಲಿ ಡಾಟ್ಸೆಂಕೊ ಮತ್ತು ವಾನರ್ ಕೊಟ್ಟ, ಜೀನ್ ತೆಗೆಯುವ ವಿಧಾನ. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೇಡದ ಜೀನಿನ ಎರಡೂ ಪಕ್ಕಗಳಿಗೆ ಹೊಂದುವ 36ರಿಂದ 50 ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ಬಾಲವಿರುವ, ನಕಲಿಗೆ ಆರಂಭ ಕೊಡುವ ಡಿಎನ್‌ಎ ತುಣುಕುಗಳಾದ ಪ್ರೈಮರ್‌ಗಳಿಂದ ಆಂಟಿಬಯಾಟಿಕ್ ನಿರೋಧಕ ಜೀನನ್ನು ಪಿಸಿಆರ್ ಮಾಡಿ (ಅನೇಕ ನಕಲು ತೆಗೆದು) ಕೋಶಕ್ಕೆ ತೂರಿಸುತ್ತಾರೆ. ಉಳಿದ ಅದಲುಬದಲು ಲ್ಯಾಂಬ್ಡಾ ಫೇಜ್ ಎಂಬ, ಬ್ಯಾಕ್ಟೀರಿಯಾಗೆ ತಗಲುವ ವೈರಸ್ಸಿನ ಕಿಣ್ವಗಳ ಕೆಲಸ. ಜೀನ್ ತೆಗೆದವರು ವಿಧಾನದ ಭಾಗದಲ್ಲಿ ಈ ಲೇಖನವನ್ನು ಹೆಸರಿಸುವುದು ವಾಡಿಕೆ, ಹಾಗಾಗಿ ಉಲ್ಲೇಖ 10,000 ದಾಟಿದೆ. ಆ ಲ್ಯಾಂಬ್ಡಾ ಫೇಜನ್ನು ಕಂಡುಹಿಡಿದವರು ಎಸ್ತರ್ ಲೆಡರ್‌ಬರ್ಗ್. ಜೀನ್ ತೆಗೆಯುವ ಸಾವಿರಾರು ಲೇಖನಗಳು ಅವರ ಕೆಲಸದ ಮೇಲೇ ನಿಂತಿವೆ, ಅವರ ಲೆಕ್ಕಕ್ಕೆ ಅದರಿಂದ ಹೆಚ್ಚೇನೂ ಜಮೆಯಾಗುವುದಿಲ್ಲ. ಇದು ಕೋಪ ತರಿಸಬೇಕಾದ ವಿಷಯ.

ಹಳೆಯ ಅಚ್ಚಿನ ಸೂಚಿಯಲ್ಲಿ ಉಲ್ಲೇಖಿತ ಲೇಖನಗಳು ಮೊದಲ ಲೇಖಕರ ಹೆಸರಿನಡಿ ಮಾತ್ರ ಇರುತ್ತಿದ್ದವು. ಟ್ರಾನ್ಸ್‌ಡಕ್ಷನ್ (ವೈರಸ್ ಮೂಲಕ ಜೀನ್ ಸಾಗುವುದು) ಕುರಿತ, ಝಿಂಡರ್ ಮತ್ತು ಜೋಶುವಾ ಲೆಡರ್‌ಬರ್ಗ್ ಬರೆದ 1952ರ ಲೇಖನ ಬೇಕಿದ್ದರೆ ಝಿಂಡರ್ ಎಂದು ಹುಡುಕಬೇಕು, ಲೆಡರ್‌ಬರ್ಗ್ ಎಂದರೆ ಸಿಗದು. ಈಗ ಆ ತೊಡಕಿಲ್ಲ, ಆದರೆ ಇನಿಷಿಯಲ್ ಬಳಸುವ ನಮ್ಮ ಕಡೆಯ ಹೆಸರುಗಳ ಗೋಜಲು ಬೇರೆಯೇ ಇದೆ. ‘ಎಸ್. ಕುಮಾರ್’ ಎಂಬ ಹೆಸರಿನಲ್ಲಿ ಹತ್ತು ಜನರ ಲೇಖನಗಳು ಒಂದೇ ಖಾತೆಗೆ ಬೀಳಬಹುದು, ಒಬ್ಬರದ್ದೇ ಲೇಖನಗಳು ಮೂರು ಕಡೆ ಚದುರಬಹುದು. ಪ್ರತಿ ಸಂಶೋಧಕರಿಗೂ ಬೇರೆಯಾದ 16 ಅಂಕಿಗಳ ಆರ್ಕಿಡ್ (ORCID) ಗುರುತು ಇರುವುದು ಇದಕ್ಕೇ. ಪರಿಚಯ ಬರೆಯುವವರು ಎಚ್-ಇಂಡೆಕ್ಸ್ ಕೊಡುವುದಾದರೆ ಅದು ಯಾವ ಉಲ್ಲೇಖ ದತ್ತಾಂಶ ಕೋಶದ್ದು, ಗೂಗಲ್ ಸ್ಕಾಲರ್‌ನದ್ದೋ, ಸ್ಕೋಪಸ್‌ನದ್ದೋ, ವೆಬ್ ಆಫ್ ಸೈನ್ಸ್‌ನದ್ದೋ ಹೇಳಿ, ನೋಡಿದ ದಿನಾಂಕವನ್ನೂ ಹಾಕಿ. ಪುಸ್ತಕ, ಪ್ರಬಂಧಗಳನ್ನೆಲ್ಲ ಸೇರಿಸಿಕೊಳ್ಳುವ ಸ್ಕಾಲರ್‌ನ ಅಂಕ ಸಾಮಾನ್ಯವಾಗಿ ಉಳಿದೆರಡಕ್ಕಿಂತ ಹೆಚ್ಚೇ ಇರುತ್ತದೆ.